ಬೆಂಗಳೂರಿನ ಬಾಗಲಾ, ಹಾವೇರಿ ಬಾಗಲಾ

ಹುಬ್ಬಳ್ಳಿ ಗೋಕುಲ ರೋಡಿನ ಚಾ ಅಂಗಡ್ಯಾಗ ಕುಂತ್ರ ಒಂದ ತ್ರಾಸು. ಮಾತು ರಂಗೇರೂ ಹೊತ್ತಿಗೆ ತಲಿ ಮ್ಯಾಲೆ ವಿಮಾನ ಹೋಗಿ, ಯಾರು ಯಾರಿಗೆ ಬೈದ್ರು ಅನ್ನೋದ ತಿಳಿಯಂಗಿಲ್ಲ.

ಮೊನ್ನೆ ಸಂಜಿಕ ಬಸ್ಯಾ ತನ್ನ ಹೊಸಾ ಮನಿ ಗೋಳು ತಗದಿದ್ದ. ಚೌಕಟ್ಟು ಉಣಕಲ್ಲಿನ ಬಡಿಗ್ಯಾ ಮಾಡಿದ್ದು. ಬಾಗಲಾ ಮಾತ್ರ ಸೋವಿ ಸಿಗತೈತಿ ಅಂತ ಹಾವೇರಿಯಿಂದ ತರಸ್ಯಾನ. ವಾಸ್ತುಶಾಂತಿ ಹಿಂದಿನ ದಿನ ಟೆಂಪೋ ಬಂತು. ಬಾಗಲಾ ಎರಡು ಬೆರಳು ಅಗಲ!

"ಹೆಂಡ್ತಿ ಇಳಕಲ್ ಸೀರಿ ಪಡದಾ ಕಟ್ಟಿ ಪೂಜಿ ಮುಗಸಿದ್ನೋ."

"ಬೋಯಿಂಗ್‌ನವ್ರೂ ಹಂಗ ಮಾಡ್ಯಾರ, ತಗೋ" ಅಂದ ಗಫೂರ. ಇಂವಂದು ಇಂಡಸ್ಟ್ರಿಯಲ್ ಎಸ್ಟೇಟ್‌ನಾಗ ಲೇಥು. ಯಾವ ಸುದ್ದಿ ಸಿಕ್ರೂ ಚಕ್‌ಗೆ ಕಚ್ಚಿಸಿ ಒಂದ ಸಲ ತಿರುಗಸೇ ಬಿಡಾಂವ. "787 ವಿಮಾನದ ರೆಕ್ಕಿ ಜಪಾನಿನಾಗ, ನಡುವಿನ ಮೈ ಇಟಲಿಯಾಗ, ಮೂಗು ಕನ್ಸಾಸ್‌ನಾಗ. ಹೊತ್ತು ತರಾಕಂತ ನಾಕು 747 ವಿಮಾನದ ಹೊಟ್ಟಿ ಉಬ್ಬಿಸಿದ್ರು. 2007ರ ಜುಲೈ 8ಕ್ಕ ಮಂದಿ ಕೂಡಿಸಿ ತೋರಿಸಿದ್ರು, ಥಳಾಥಳಾ! ಒಳಗ ಬರೇ ಖಾಲಿ ಡಬ್ಬಿ. ಸರಿಯಾದ ಬೋಲ್ಟು ಸಾಲದ, ತಾತ್ಕಾಲಿಕ ಬೋಲ್ಟು ಬಡದಿದ್ರು. ಹಾರಿದ್ದು 2009ರ ಡಿಸೆಂಬರ್ 15ಕ್ಕ!"

"ಅಷ್ಟ ಅವಸರ ಯಾಕಂತ?"

"ಅಮೆರಿಕಾದವ್ರು ತಿಂಗಳಾ ಮೊದಲ ಬರೀತಾರ. 7-8-07. ಮುಹೂರ್ತ ಮೀರಬಾರ್ದಲ್ಲ!"

ಬಸ್ಯಾನ ಮಾರಿ ಮ್ಯಾಲೆ ಅವತ್ತ ಮೊದಲನೇ ಸಲ ಸಮಾಧಾನ ಕಂಡೆ.

ಮಾಸ್ತರ್ರು ಬಶಿಗೆ ಚಾ ಸುರಕೋತ, "ಹಂಗಾರ ಎಲ್ಲಾ ಒಂದ ಕಡೆ ಮಾಡೋದ ಛಲೋ ಅಲ್ಲೇನಪಾ" ಅಂದ್ರು.

ಗಫೂರಗ ಉರೀತು. "ಒಂದ ಕಡೆ ಮಾಡಿದ್ರ ನಮ್ಮಂಥಾ ಜಾಬ್ ವರ್ಕ್‌ನವ್ರು ಮಣ್ಣು ತಿನ್ನೂದೇನ್ರಿ? ನಮ್ಮ ಬೆಳಗಾವಿ ಹತ್ತರಗಿಯೊಳಗ ಯುರೋಪಿನ ವಿಮಾನ ಕಂಪನಿ ಏರ್‌ಬಸ್ಸಿಗೆ ಬಿಡಿಭಾಗ ಮಾಡ್ತಾರ. ಮತ್ತ ಹೊಸಾ ವಿಮಾನಂದ್ರ ಕುಬೇರನ ಖಜಾನಿನೂ ಸಾಲಂಗಿಲ್ಲ. ಪಾಲುದಾರ್ರು ತಮ್ಮ ರೊಕ್ಕಾ ಹಾಕ್ತಾರ, ಗಿರಾಕೀನೂ ತರ್ತಾರ. 2011ರಾಗ ಮೊದಲನೇ 787 ತಗೊಂಡಾವ್ರು ಜಪಾನಿನವ್ರ."

"ಮತ್ತ ಎಡವಿದ್ದೆಲ್ಲೆ?"

"ಕೆಲಸಾ ಹಂಚಿದ್ದು ತಪ್ಪಲ್ರಿ, ಡಿಸೈನ್ ಸೈತ ಹಂಚಿದ್ರು. ಅಂವಾ ಇನ್ನೊಬ್ಬಗ ಕೊಟ್ಟ, ಇನ್ನೊಬ್ಬಾಂವ ಮತ್ತೊಬ್ಬಗ. ನನಗ ಡ್ರಾಯಿಂಗ್ ಕೊಡ್ರಿ, ಮೈಕ್ರಾನಿಗೆ ತಂದು ನಿಲ್ಲಸ್ತೀನಿ. 'ಏನರ ಒಂದ ಛಲೋದು ಮಾಡಿ ಕೊಡಪಾ' ಅಂದ್ರ? ಕಡೀಕ 2009ರಾಗ ಸೌತ್ ಕೆರೊಲಿನಾದಾಗ ಹಿಂದಿನ ಮೈ ಮಾಡೂ ಫ್ಯಾಕ್ಟರಿನ ಬೋಯಿಂಗ್ ಖರೀದಿ ಮಾಡ್ತು. ಬಡಿಗ್ಯಾನ ಜೋಡಿ ಜಗಳಾಡಿ ಸಾಕಾಗಿ ಅವನ ಅಂಗಡಿನ ಕೊಂಡಂಗ!"

"ಏರ್‌ಬಸ್ ನಾಕು ದೇಶದ ಸಂಸಾರ, ಅವ್ರಿಗೆ ರೂಢಿ ಇರಬೇಕು" ಅಂದೆ ನಾ.

"ಅವ್ರದು ಲಾಡಿ ಕಥಿ. ಎ380 ವಿಮಾನಕ್ಕ 500 ಕಿಲೋಮೀಟರ್ ಮ್ಯಾಲೆ ವೈರು. ಜರ್ಮನಿಯ ಹ್ಯಾಂಬರ್ಗಿನವ್ರು ಹಳೇ ಸಾಫ್ಟ್‌ವೇರ್‌ದಾಗ ಗೆರಿ ಎಳದ್ರು, ಫ್ರಾನ್ಸಿನ ಟುಲೂಸ್‌ನವ್ರದು ಅದರದ ಹೊಸಾದು. ವೈರು ಬಾಗೂ ಜಾಗಾದಾಗ ಲೆಕ್ಕಾ ಕೂಡಲಿಲ್ಲ. ಜೋಡಸಾಕ ಹೋದ್ರ ವೈರು ಗಿಡ್ಡ! ವರ್ಷದ ಮ್ಯಾಲೆ ತಡಾ ಆತು."

ಇದು ನನಗ ತಟ್ಟನೆ ತಿಳೀತು. ನಿಂತಾಗ ಅಳತಿ ತಗೊಂಡ ಪಾಯಜಾಮಾ ಲಾಡಿ ಊಟಕ್ಕ ಕುಂತಾಗ ಏನು ಮಾಡತೈತಿ ಅನ್ನೋದು ನನಗ ಗೊತ್ತು, ಆ ಪಂಗತಿಯಾಗ ಇದ್ದಾವ್ರಿಗೂ ಗೊತ್ತು.

ಮಾಸ್ತರ್ರು ಬಶಿ ಕೆಳಗಿಟ್ರು. "ಬೆಂಗಳೂರಾಗ ಎಚ್‌ಎಎಲ್‌ನವ್ರು ಏರ್‌ಬಸ್ಸಿನ ಎ320 ವಿಮಾನಕ್ಕ ಬಾಗಲಾ ಮಾಡಿ ಯುರೋಪಿಗೆ ಕಳಸ್ತಾರ. ಅದು ಅಲ್ಲಿ ಕುಂದರತೈತಿ. ಹಾವೇರಿದು ಹುಬ್ಬಳ್ಯಾಗ ಯಾಕ ಕುಂದ್ರವಲ್ದು?"

"ಬಸ್ಯಾ, ಅಳತಿ ಹೆಂಗ ಕಳಿಸಿದ್ದಿ?" ಅಂದ ಗಫೂರ.

"ಫೋನಿನಾಗ ಹೇಳಿದ್ನಲಾ. ಅಗಲ ಬರೋಬ್ಬರಿ ನಾಕು ಗೇಣು ಅಂತ."

"ಯಾರ ಗೇಣು?"

ಬಸ್ಯಾ ಬೆಂಚಿನ ಮ್ಯಾಲೆ ಅಂಗೈ ಹರವಿ ಹೆಬ್ಬೆರಳು, ಕಿರುಬೆರಳು ನೋಡಕೋತ ಕುಂತ.

"ಹಾವೇರಿ ಬಡಿಗ್ಯಾ ಆರಡಿ ಆಳೋ ದೋಸ್ತ…"

ಮುಂದ ಗಫೂರ ಏನು ಬೈದ್ನೋ ಕೇಳಲಿಲ್ಲ. ವಿಮಾನ ಬಂತು.