ವಿಶ್ವವಿದ್ಯಾಲಯದ ವೆಬ್‌ಸೈಟ್ ಹೊಸದಾಗಿ ಕಟ್ಟಬೇಕು: ಹುಡುಕಿದ್ದು ಸಿಗಬೇಕಾದರೆ ಎಲ್ಲಿಂದ ಶುರು ಮಾಡುವುದು?

ಪ್ರಶ್ನೆ: ಕಂಪ್ಯೂಟರ್ ವಿಭಾಗದವರು, ಒಂದು ರಾಜ್ಯ ವಿಶ್ವವಿದ್ಯಾಲಯ

ನೂರಕ್ಕೂ ಹೆಚ್ಚು ಸಂಯೋಜಿತ ಕಾಲೇಜು, ಕನ್ನಡ-ಇಂಗ್ಲಿಷ್ ಎರಡರಲ್ಲೂ ಸೈಟು, ಸಾವಿರಾರು ಪುಟ, ಅದಕ್ಕಿಂತ ಹೆಚ್ಚು ಪಿಡಿಎಫ್. ಮಾಹಿತಿ ಎಲ್ಲ ಇದೆ, ಯಾರಿಗೂ ಸಿಗುತ್ತಿಲ್ಲ. ಮರುಮೌಲ್ಯಮಾಪನಕ್ಕೆ ಕೊನೆ ದಿನ ಯಾವುದು, ಮೈಗ್ರೇಷನ್ ಸರ್ಟಿಫಿಕೇಟಿಗೆ ಎಷ್ಟು ಕಟ್ಟಬೇಕು ಅಂತ ಫೋನು ಬರುತ್ತಲೇ ಇರುತ್ತದೆ. ಹೊಸ ವಿನ್ಯಾಸಕ್ಕೆ ಈಗ ಹಣ ಮಂಜೂರಾಗಿದೆ. ಟೆಂಡರ್ ಕರೆಯುವ ಮುಂಚೆ ಏನೇನು ಮಾಡಿಕೊಂಡಿರಬೇಕು? ಮೆನು ಹೇಗಿರಬೇಕು? ಕನ್ನಡದಲ್ಲಿ ಸರ್ಚ್ ಸರಿಯಾಗಿ ಕೆಲಸ ಮಾಡುವಂತೆ ಮಾಡಲು ಆಗುತ್ತದೆಯೇ? ಈ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ.

ವಿಷಯ ಸಂಪಾದಕಿ, ಬೆಂಗಳೂರು

ಬಣ್ಣ, ಬ್ಯಾನರ್ ಮಾತು ಆಮೇಲೆ. ಮೊದಲು ಇರುವುದರ ದಾಸ್ತಾನು ಪಟ್ಟಿ ಮಾಡಿ. ಸ್ಕ್ರೀಮಿಂಗ್ ಫ್ರಾಗ್ ತರಹದ ಕ್ರಾಲರ್ ಸೈಟನ್ನೆಲ್ಲ ಜಾಲಾಡಿ ವಿಳಾಸಗಳನ್ನು ಒಂದು ಶೀಟಿಗೆ ಇಳಿಸಿಕೊಡುತ್ತದೆ. ಅದರ ಉಚಿತ ಆವೃತ್ತಿ 500 ವಿಳಾಸಕ್ಕೆ ನಿಂತುಬಿಡುತ್ತದೆ, ನಿಮಗೆ ಸಾಲದು. ಇನ್ನೊಂದು ವಿಷಯ: ಕ್ರಾಲರ್ ಕೈಗೆ ಸಿಗುವುದು ಎಲ್ಲಿಂದಾದರೂ ಲಿಂಕ್ ಇರುವ ಪುಟ ಮಾತ್ರ. ಲಿಂಕೇ ಇಲ್ಲದೆ ಗೂಗಲ್‌ನಲ್ಲಿ ಮಾತ್ರ ಉಸಿರಾಡುತ್ತಿರುವ ಪುಟಗಳೂ ಇರುತ್ತವೆ, ಎಷ್ಟೋ ಸಲ ಜನ ಬರುವುದೇ ಅವಕ್ಕೆ. ಅವು ಬೇಕಾದರೆ ಸರ್ವರ್ ಲಾಗ್ (ಯಾವ ಪುಟ ಎಷ್ಟು ಸಲ ತೆರೆಯಿತು ಎಂಬ ದಾಖಲೆ) ಮತ್ತು ಗೂಗಲ್ ಹುಡುಕಾಟದಲ್ಲಿ ನಿಮ್ಮ ಪುಟಗಳ ಲೆಕ್ಕ ತೋರಿಸುವ ಸರ್ಚ್ ಕನ್ಸೋಲ್ ಎರಡನ್ನೂ ಶೀಟಿಗೆ ಸೇರಿಸಿ. ಸರ್ಚ್ ಕನ್ಸೋಲ್‌ನಲ್ಲಿ 16 ತಿಂಗಳ ಲೆಕ್ಕ ಸಿಗುತ್ತದೆ, ಆದರೆ ಪರದೆಯಿಂದ ಇಳಿಸಿಕೊಂಡರೆ 1000 ಸಾಲು ಮಾತ್ರ. ಒಂದೊಂದೇ ಫೋಲ್ಡರಿಗೆ ಫಿಲ್ಟರ್ ಹಾಕಿ ಇಳಿಸಿಕೊಳ್ಳಿ, ಇಲ್ಲವೇ ಎಪಿಐ (ಪ್ರೋಗ್ರಾಂ ಮೂಲಕ ಮಾಹಿತಿ ತರಿಸಿಕೊಳ್ಳುವ ದಾರಿ) ಬಳಸಿ.

ಶೀಟಿನ ಕಾಲಂಗಳು: ವಿಳಾಸ, ಶೀರ್ಷಿಕೆ, ಕೊನೆಗೆ ತಿದ್ದಿದ ದಿನ, ಒಂದು ವರ್ಷದ ಭೇಟಿ, ವಿಭಾಗ, ಜವಾಬ್ದಾರಿ ಯಾವ ಹುದ್ದೆಯದು, ತೀರ್ಮಾನ, ಹೊಸ ವಿಳಾಸ. ಹುದ್ದೆ ಬರೆಯಿರಿ, ವ್ಯಕ್ತಿಯ ಹೆಸರು ಬರೆಯಬೇಡಿ. ವರ್ಗಾವಣೆ ಆದ ಮರುದಿನ ಆ ಕಾಲಂ ಸುಳ್ಳಾಗುತ್ತದೆ. ತೀರ್ಮಾನ ನಾಲ್ಕೇ: ಇರಲಿ, ಇನ್ನೊಂದರ ಜೊತೆ ಸೇರಿಸು, ಹಳೆ ಕಡತಕ್ಕೆ ಹಾಕು, ತೆಗೆ. “ನೋಡೋಣ” ಅನ್ನುವ ಐದನೆಯದಕ್ಕೆ ಜಾಗ ಕೊಟ್ಟಿರೋ, ಅರ್ಧ ಶೀಟು ಹೋಗಿ ಅಲ್ಲೇ ಕೂರುತ್ತದೆ.

ಭೇಟಿ ಕಡಿಮೆ ಅಂತ ಮಾತ್ರಕ್ಕೆ ಯಾವುದನ್ನೂ ತೆಗೆಯಬೇಡಿ. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಅಡಿಯಲ್ಲಿ ತಾವಾಗಿಯೇ ಪ್ರಕಟಿಸಬೇಕಾದ 17 ಬಾಬತ್ತುಗಳಿವೆ. ಯಾರೂ ನೋಡದಿದ್ದರೂ ಅವು ಇರಲೇಬೇಕು. ಹಾಗೆಯೇ ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆದು ಶ್ರೇಣಿ ಕೊಡುವ ನ್ಯಾಕ್‌ಗೆ ಸಲ್ಲಿಸಿದ ವರದಿಗಳಲ್ಲಿ ನಿಮ್ಮ ಸೈಟಿನ ಎಷ್ಟು ಲಿಂಕ್ ಕೊಟ್ಟಿದ್ದೀರಿ ಅಂತ ನಿಮ್ಮಲ್ಲೇ ಇರುವ ಗುಣಮಟ್ಟ ಭರವಸೆ ಘಟಕದವರನ್ನು (ಐಕ್ಯೂಎಸಿ) ಕೇಳಿ ಪಟ್ಟಿ ತರಿಸಿಕೊಳ್ಳಿ. ಆ ವಿಳಾಸಗಳು ಒಡೆದರೆ ದಾಖಲೆ ಇದ್ದೂ ಇಲ್ಲದಂತೆ.

ದೊಡ್ಡ ಸೈಟುಗಳ ನಿಜವಾದ ರೋಗ ಒಂದೇ ಮಾಹಿತಿ ಹಲವು ಕಡೆ ಇರುವುದು. ಶುಲ್ಕದ ಮೊತ್ತ ಪರೀಕ್ಷೆಯ ಪುಟದಲ್ಲಿ ಒಂದು, ವಿಭಾಗದ ಪುಟದಲ್ಲಿ ಇನ್ನೊಂದು, ಹಳೆ ಸುತ್ತೋಲೆಯಲ್ಲಿ ಮತ್ತೊಂದು. ಪ್ರತಿ ಸಂಗತಿಗೂ ಒಂದೇ ಮನೆ ಗೊತ್ತುಮಾಡಿ, ಉಳಿದ ಕಡೆ ಅಲ್ಲಿಗೆ ಲಿಂಕ್ ಕೊಡಿ, ಮೊತ್ತವನ್ನು ಮತ್ತೆ ಬರೆಯಬೇಡಿ. ಇದೊಂದು ಮಾಡಿದರೂ ಫೋನು ಕಡಿಮೆಯಾಗುತ್ತದೆ, ವಿನ್ಯಾಸ ಹಳೆಯದೇ ಇದ್ದರೂ.

ಯುಎಕ್ಸ್ (ಬಳಕೆದಾರರ ಅನುಭವ) ಕೆಲಸದವರು, ಮೈಸೂರು

ಮೇಲಿನವರು ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ಮೆನು ಬಗ್ಗೆ ನಾನು ಹೇಳ್ತೀನಿ.

ಬಹುತೇಕ ವಿಶ್ವವಿದ್ಯಾಲಯಗಳ ಮೆನು ನೋಡಿ: ಕುಲಪತಿ, ಕುಲಸಚಿವರು, ಕುಲಸಚಿವರು ಮೌಲ್ಯಮಾಪನ, ಹಣಕಾಸು ಅಧಿಕಾರಿ. ಕಚೇರಿಯ ಕೋಣೆಗಳ ಬೋರ್ಡನ್ನೇ ತಂದು ಅಂಟಿಸಿದ ಹಾಗಿರುತ್ತೆ. ಅಂಕಪಟ್ಟಿ ಕಳೆದುಕೊಂಡ ಹುಡುಗಿಗೆ ಅರ್ಜಿ ಮೌಲ್ಯಮಾಪನದವರ ಹತ್ತಿರ, ಶುಲ್ಕದ ಪಟ್ಟಿ ಹಣಕಾಸಿನವರ ಹತ್ತಿರ ಅನ್ನೋದು ಯಾಕೆ ಗೊತ್ತಿರಬೇಕು? ಬ್ರಿಟನ್ ಸರ್ಕಾರ 2012ರ ಅಕ್ಟೋಬರಿನಲ್ಲಿ ಡೈರೆಕ್ಟ್‌ಗವ್, ಬಿಸಿನೆಸ್ ಲಿಂಕ್ ಎರಡನ್ನೂ ಮುಚ್ಚಿ ಗವ್ ಡಾಟ್ ಯುಕೆ ತೆರೆದಾಗ ಹಿಡಿದ ದಾರಿ ಇದೇ: ಇಲಾಖೆಯ ಗೋಡೆ ಮರೆತು ಜನ ಬರುವ ಕೆಲಸದಿಂದ ಶುರು ಮಾಡೋದು.

ಜನ ಬರೋದು ಯಾವ ಕೆಲಸಕ್ಕೆ ಅಂತ ಊಹೆ ಮಾಡಬೇಡಿ. ವಿಚಾರಣೆ ಕೌಂಟರಿನಲ್ಲಿ ಎರಡು ವಾರ ಒಂದು ರಿಜಿಸ್ಟರ್ ಇಟ್ಟು ಪ್ರತಿ ಫೋನಿಗೂ ಒಂದು ಸಾಲು ಬರೆಸಿ, ಕೇಳಿದವರ ಮಾತಿನಲ್ಲೇ. ಅದನ್ನ ಸರ್ಚ್ ಲಾಗ್ (ಸೈಟಿನ ಸರ್ಚ್‌ನಲ್ಲಿ ಜನ ಏನೇನು ಹುಡುಕಿದರು ಅನ್ನೋ ದಾಖಲೆ) ಜೊತೆ ಇಟ್ಟು ನೋಡಿ. ಮೇಲಿನ ಇಪ್ಪತ್ತು ಕೆಲಸ ತಾನಾಗಿ ಎದ್ದು ಕಾಣುತ್ತೆ.

ಆಮೇಲೆ ಕಾರ್ಡ್ ಸಾರ್ಟಿಂಗ್. ಸುಮಾರು 40 ಚೀಟಿ, ಒಂದೊಂದರ ಮೇಲೂ ಒಂದು ಕೆಲಸ. 15 ಜನರಿಗೆ, ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಕೊಟ್ಟು “ಒಟ್ಟಿಗೆ ಇರಬೇಕಾದ್ದನ್ನ ಒಟ್ಟಿಗೆ ಇಡಿ, ಗುಂಪಿಗೆ ಹೆಸರು ಕೊಡಿ” ಅನ್ನಿ. ಗುಂಪಿನಲ್ಲಿ ಮಾಡಿಸಿದರೆ ಜೋರಾಗಿ ಮಾತಾಡುವವನ ಮೆನು ಸಿಗುತ್ತೆ. ಪದವಿ, ಸ್ನಾತಕೋತ್ತರ, ದೂರಶಿಕ್ಷಣ, ಕಾಲೇಜು ಕಚೇರಿಯ ಗುಮಾಸ್ತರು, ಎಲ್ಲ ಕಡೆಯವರೂ ಇರಲಿ. ಗುಮಾಸ್ತರನ್ನು ಎಲ್ಲರೂ ಮರೀತಾರೆ. ಸೈಟನ್ನ ದಿನಾ ಬಳಸೋರು ಅವರೇ.

ಕರಡು ಮೆನು ಸಿದ್ಧವಾದ ಮೇಲೆ ಟ್ರೀ ಟೆಸ್ಟ್. ವಿನ್ಯಾಸ ಏನೂ ಬೇಡ, ಬರೀ ಮೆನುವಿನ ಹೆಸರುಗಳು. 8ರಿಂದ 10 ಕೆಲಸ ಕೊಡಿ. ಪ್ರಶ್ನೆಯಲ್ಲಿ ಮೆನುವಿನ ಪದ ನುಸುಳಬಾರದು. “ದ್ವಿಪ್ರತಿ ಅಂಕಪಟ್ಟಿ ಎಲ್ಲಿದೆ” ಅಂದರೆ ಕಣ್ಣು ಆ ಪದವನ್ನೇ ಹುಡುಕುತ್ತೆ. “ಬಸ್ಸಿನಲ್ಲಿ ಮಾರ್ಕ್ಸ್ ಕಾರ್ಡ್ ಕಳೆದುಹೋಯ್ತು, ಇನ್ನೊಂದು ಬೇಕು” ಅನ್ನಿ. ಮೊದಲ ಕ್ಲಿಕ್ ಎಲ್ಲಿ ಹೋಯ್ತು ಅನ್ನೋದನ್ನ ಬರೆದಿಟ್ಟುಕೊಳ್ಳಿ. ಹತ್ತರಲ್ಲಿ ಮೂರು ಜನ ಒಂದೇ ತಪ್ಪು ಕಡೆ ಹೋದರೆ, ಒಂದೋ ಹೆಸರು ಬದಲಾಗಬೇಕು, ಇಲ್ಲ ಅಲ್ಲೂ ಒಂದು ಲಿಂಕ್ ಇರಬೇಕು.

“ಇತರೆ”, “ಮಾಹಿತಿ”, “ಸೇವೆಗಳು”, “ಕ್ವಿಕ್ ಲಿಂಕ್ಸ್” ಇವು ನಾಲ್ಕಕ್ಕೂ ಮೆನುವಿನಲ್ಲಿ ಪ್ರವೇಶ ಕೊಡಬೇಡಿ. “ಪರೀಕ್ಷಾಂಗ” ಅನ್ನೋದು ಒಳಗಿನವರ ಮಾತು. “ಪರೀಕ್ಷೆ, ಫಲಿತಾಂಶ” ಅಂತ ಹಾಕಿ. ಪ್ರವೇಶಾತಿ, ಫಲಿತಾಂಶಕ್ಕೆ ರಾಜ್ಯ ಸರ್ಕಾರದ ಏಕೀಕೃತ ಯುಯುಸಿಎಂಎಸ್ ಪೋರ್ಟಲಿಗೆ ಹೋಗಬೇಕಾದವರೂ ಮೊದಲು ನಿಮ್ಮ ಬಾಗಿಲಿಗೇ ಬರ್ತಾರೆ. ಅವರಿಗೆ ಬರೀ ಲೋಗೋ ತೋರಿಸಿ ಕಳಿಸಬೇಡಿ, ಅಲ್ಲಿ ಏನು ಸಿಗುತ್ತೆ, ಇಲ್ಲಿ ಏನು ಸಿಗುತ್ತೆ ಅಂತ ಎರಡು ಸಾಲು ಬರೆಯಿರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಇಲ್ಲಿ ಇನ್ನೊಂದು ತೊಡಕಿದೆ. ಸಮಿತಿಯವರಿಗೆ ಹೋಮ್ ಪೇಜಿನಲ್ಲಿ ಕುಲಪತಿಗಳ ಸಂದೇಶ, ಸಮಾರಂಭದ ಫೋಟೊ, ಎಲ್ಲ ನಿಕಾಯಗಳ ಹೆಸರು, ಓಡುವ ಪ್ರಕಟಣೆ ಎಲ್ಲವೂ ಬೇಕು. ಹೇಗೆ ಒಪ್ಪಿಸುವುದು?

ಪರೀಕ್ಷಾ ವಿಭಾಗದ ಕೆಲಸ ಗೊತ್ತಿರುವವರು, ಧಾರವಾಡ

ವಾದಾ ಮಾಡಬ್ಯಾಡ್ರಿ ಸರ್, ತೋರಸ್ರಿ. ಸಭಾದಾಗ ಒಬ್ಬ ವಿದ್ಯಾರ್ಥೀನ ಕರದು ಅವನ ಮೊಬೈಲ್ ಸ್ಕ್ರೀನ್ ಗ್ವಾಡಿ ಮ್ಯಾಲೆ ಹಾಕ್ರಿ. “ಹಾಸ್ಟೆಲ್ ಅರ್ಜಿ ಹುಡುಕಪಾ” ಅನ್ರಿ. ಎರಡು ನಿಮಿಷ ಯಾರೂ ಬಾಯಿ ಬಿಡಬಾರದು. ಅಷ್ಟs ಸಾಕು.

ಓಡೂ ಪ್ರಕಟಣಾಕ್ಕ ನಿಯಮಾನೂ ಐತಿ. ಭಾರತ ಸರ್ಕಾರದ ವೆಬ್‌ಸೈಟ್ ಮಾರ್ಗಸೂಚಿ, ಅಂದ್ರ ಜಿಐಜಿಡಬ್ಲ್ಯೂ, ಹಿಡಿಯೋದು ಡಬ್ಲ್ಯೂಸಿಎಜಿ 2.1ರ (ಅಂಗವಿಕಲರಿಗೂ ಸೈಟ್ ಬಳಸಾಕ ಬರೂ ಹಂಗ ಮಾಡೂ ಅಂತರರಾಷ್ಟ್ರೀಯ ನಿಯಮ) ಎಎ ಮಟ್ಟಾನ. ಅದರ ಪ್ರಕಾರ ತಾನs ಶುರು ಆಗಿ 5 ಸೆಕೆಂಡಿಗಿಂತ ಹೆಚ್ಚು ಓಡೂದಕ್ಕ ನಿಲ್ಲಸೂ ಬಟನ್ ಇರಬೇಕು. ಮೊಬೈಲ್‌ನ್ಯಾಗ ಓಡೂ ಲಿಂಕ್ ಒತ್ತೂದರಾಗ ಅದು ಮುಂದ ಹೋಗಿರತೈತಿ. ಅದರ ಬದ್ಲಿ ಐದು ಸಾಲಿನ ಪಟ್ಟಿ ಇಡ್ರಿ, ಕೆಳಗ “ಎಲ್ಲಾ ಪ್ರಕಟಣೆ” ಅಂತ ಒಂದು ಲಿಂಕ್.

ತಲಿಬರಹ ಮಾತ್ರ ಸರಿ ಹಾಕ್ರಿ. “ಸುತ್ತೋಲೆ ಸಂಖ್ಯೆ ಇಷ್ಟು, ದಿನಾಂಕ ಇಷ್ಟು” ಅಂದ್ರ ಯಾರಿಗೆ ತಿಳೀತೈತಿ? “ಬಿ.ಕಾಂ. 3ನೇ ಸೆಮಿಸ್ಟರ್ ಮರುಮೌಲ್ಯಮಾಪನ: ಅರ್ಜಿ ಹಾಕಲು ಕೊನೆ ದಿನ” ಅಂತ ಬರದು ಮುಂದ ತಾರೀಖು ಹಾಕ್ರಿ. ಪ್ರಕಟಣೆ ಏರಿಸೂ ಫಾರ್ಮಿನ್ಯಾಗ “ಯಾವಾಗ ಇಳಸಬೇಕು” ಅನ್ನೂ ಕಾಲಂ ಕಡ್ಡಾಯ ಮಾಡ್ರಿ. ಮುಗದ ಹೋದ ಪ್ರಕಟಣೆ ಮುಂದ ಮಿಣಮಿಣ ಅಂತ “ಹೊಸದು” ಅನ್ನೂ ಗುರ್ತು ಕುಣಿಯೋದು ಅಲ್ಲಿಗೆ ನಿಲ್ಲತೈತಿ.

ಸರ್ಚ್ ಎಂಜಿನಿಯರ್

ಕನ್ನಡ ಸರ್ಚ್ ಖಂಡಿತ ಆಗುತ್ತದೆ, ಆದರೆ ಡಬ್ಬಿ ತೆರೆದ ಕೂಡಲೇ ಆಗುವುದಿಲ್ಲ. ಸೋಲರ್, ಎಲಾಸ್ಟಿಕ್‌ಸರ್ಚ್ ಎಂಬ ಎರಡು ಸರ್ಚ್ ತಂತ್ರಾಂಶಗಳ ತಳದಲ್ಲೂ ಲೂಸೀನ್ ಎಂಬ ಸರ್ಚ್ ಲೈಬ್ರರಿ ಇದೆ. ಅದರಲ್ಲಿ ಹಿಂದಿ, ಬಂಗಾಳಿಗೆ ಪದಗಳನ್ನು ಹುಡುಕಾಟಕ್ಕೆ ಹದಗೊಳಿಸುವ ಸಿದ್ಧ ವಿಶ್ಲೇಷಕಗಳಿವೆ. ಕನ್ನಡಕ್ಕೆ ನೀವೇ ಜೋಡಿಸಿಕೊಳ್ಳಬೇಕು. ಕ್ರಮ ಹೀಗಿರಲಿ.

ಮೊದಲು ಯೂನಿಕೋಡ್ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದು ಅಕ್ಷರಕ್ಕೆ ಎಲ್ಲೆಡೆ ಒಂದೇ ಸಂಕೇತ ಇರುವಂತೆ, ತನ್ನಿ. “ಕೊ” ಅನ್ನುವುದನ್ನು ಒಂದೇ ಸ್ವರಚಿಹ್ನೆಯಾಗಿಯೂ ಇಡಬಹುದು, ಎರಡು ತುಂಡಾಗಿಯೂ ಇಡಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಎರಡನೆಯದು, ಕಣ್ಣಿಗೆ ಕಾಣದ ಜೋಡಕ, ವಿಯೋಜಕ ಚಿಹ್ನೆಗಳನ್ನು (ಅಕ್ಷರಗಳನ್ನು ಕೂಡಿಸಲು, ಬಿಡಿಸಲು ಬಳಸುವವು) ಸರ್ಚ್ ಸೂಚ್ಯಂಕದಿಂದ ಕಿತ್ತುಹಾಕಿ. “ಸಾಫ್ಟ್‌ವೇರ್” ಎಂದು ಒಬ್ಬರು ವಿಯೋಜಕ ಹಾಕಿ ಬರೆದಿರುತ್ತಾರೆ, ಹುಡುಕುವವರು ಹಾಕಿರುವುದಿಲ್ಲ. ಮೂರನೆಯದು, ೨೦೨೪ ಮತ್ತು 2024 ಒಂದೇ ಆಗಬೇಕು.

ನಾಲ್ಕನೆಯದೇ ಕಷ್ಟದ್ದು, ವಿಭಕ್ತಿ. “ಫಲಿತಾಂಶ” ಎಂದು ಹುಡುಕಿದರೆ ಫಲಿತಾಂಶದ, ಫಲಿತಾಂಶಕ್ಕೆ, ಫಲಿತಾಂಶಗಳು ಎಲ್ಲವೂ ಬರಬೇಕು. ಪದದ ಆರಂಭ ಹೊಂದಿದರೆ ಸಾಕು ಎಂದು ಇಟ್ಟರೆ ಇದು ಬರುತ್ತದೆ. ಆದರೆ “ಕಾಲೇಜು” ಎಂದು ಹುಡುಕಿದರೆ “ಕಾಲೇಜಿನ” ಬರುವುದಿಲ್ಲ, ಏಕೆಂದರೆ ಕೊನೆಯ ಉಕಾರ ಇಕಾರವಾಗಿದೆ. ಹಾಗಾಗಿ ಹುಡುಕುವ ಪದದ ಕೊನೆಯಲ್ಲಿ ಉಕಾರದ ಚಿಹ್ನೆ ಇದ್ದರೆ ಅದನ್ನು ಉದುರಿಸಿ, ಆಮೇಲೆ ಹೊಂದಿಸಿ. ಅರ್ಧಾಕ್ಷರದಲ್ಲಿ ಮುಗಿದರೆ ಹಲಂತವನ್ನೂ ಹಾಗೆಯೇ ಉದುರಿಸಿ. “ಹಾಸ್ಟೆಲ್” ಹುಡುಕಿದವರಿಗೆ “ಹಾಸ್ಟೆಲಿನ” ಕೂಡ ಸಿಗುತ್ತದೆ. ಚಿಕ್ಕ ಪದಗಳಿಗೆ ಈ ನಿಯಮ ಬೇಡ, “ಕಾಲ” ಹುಡುಕಿದವರ ಮುಂದೆ ಕಾಲೇಜುಗಳೆಲ್ಲ ಸಾಲುಗಟ್ಟಿ ನಿಲ್ಲುತ್ತವೆ. ಪದ ಅಕ್ಷರಶಃ ಹೊಂದಿದ ಪುಟಕ್ಕೆ ಹೆಚ್ಚು ತೂಕ ಕೊಡಿ.

ಐದನೆಯದು ಸಮಾನಪದಗಳ ಪಟ್ಟಿ. ಫಲಿತಾಂಶ ಮತ್ತು ರಿಸಲ್ಟ್, ಅಂಕಪಟ್ಟಿ ಮತ್ತು ಮಾರ್ಕ್ಸ್ ಕಾರ್ಡ್, ವಿದ್ಯಾರ್ಥಿವೇತನ, “ವಿದ್ಯಾರ್ಥಿ ವೇತನ” ಮತ್ತು ಸ್ಕಾಲರ್‌ಶಿಪ್. ಎಲ್ಲವೂ ಇಂಗ್ಲಿಷ್ ಲಿಪಿಯಲ್ಲೂ ಇರಬೇಕು, ಏಕೆಂದರೆ ಮೊಬೈಲಿನಲ್ಲಿ ಹೆಚ್ಚಿನವರು ಕನ್ನಡ ಪದವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಒತ್ತುತ್ತಾರೆ. ಲಾಗ್‌ನ ಮೊದಲ 100 ಹುಡುಕಾಟಕ್ಕೆ ಸರಿಯಾದ ಪುಟ ಯಾವುದೆಂದು ಕೈಯಾರೆ ಗೊತ್ತುಮಾಡಿ ಮೇಲಕ್ಕೆ ಕೂರಿಸಿ. ತಂತ್ರಜ್ಞಾನದವರಿಗೆ ಇದು ಮರ್ಯಾದೆಯ ಕೆಲಸ ಅನ್ನಿಸುವುದಿಲ್ಲ, ಆದರೆ ಹಾಕಿದ ಶ್ರಮಕ್ಕೆ ಅತಿ ಹೆಚ್ಚು ಫಲ ಸಿಗುವುದು ಇಲ್ಲೇ.

ಗ್ರಂಥಪಾಲಕರು

ಮೇಲಿನ ಸರ್ಚ್ ಎಲ್ಲ ಸರಿ, ನಿಮ್ಮ ಪಿಡಿಎಫ್ ಒಳಗೆ ಅಕ್ಷರವೇ ಇಲ್ಲದಿದ್ದರೆ? ಒಂದು ಪರೀಕ್ಷೆ ಮಾಡಿ: ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಏನೂ ಬರದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಸ ಬಂದರೆ ನುಡಿ ಅಥವಾ ಬರಹ ತಂತ್ರಾಂಶದ ಹಳೆ ಫಾಂಟಿನಲ್ಲಿ ಬೆರಳಚ್ಚಾದದ್ದು. ಕನ್ನಡವೇ ಬಂದು ಒತ್ತಕ್ಷರ, ಸ್ವರಚಿಹ್ನೆ ಜಾಗ ಬಿಟ್ಟು ಹೋಗಿದ್ದರೆ ಯೂನಿಕೋಡ್ ಆಗಿದ್ದರೂ ಪಿಡಿಎಫ್ ಮಾಡಿದ ತಂತ್ರಾಂಶ ಕೆಡಿಸಿದೆ.

ಮೊದಲ ಎರಡಕ್ಕೂ ಮದ್ದು ಬೇರೆ ಬೇರೆ. ಹಳೆ ಫಾಂಟಿನದಕ್ಕೆ ಮೂಲ ವರ್ಡ್ ಕಡತ ಹುಡುಕಿ ಪರಿವರ್ತಕದಲ್ಲಿ ಯೂನಿಕೋಡಿಗೆ ತನ್ನಿ. ಕನ್ನಡದ ನಡುವೆ ಇರುವ ಇಂಗ್ಲಿಷ್ ಪದಗಳೂ ಆಗ ಕನ್ನಡದ ಕಸವಾಗುತ್ತವೆ, ಒಮ್ಮೆ ಓದಿ ನೋಡಲೇಬೇಕು. ಸ್ಕ್ಯಾನಿಗೆ ಟೆಸರಾಕ್ಟ್ ಎಂಬ ತಂತ್ರಾಂಶ ಇದೆ, ಚಿತ್ರದಿಂದ ಕನ್ನಡ ಓದುತ್ತದೆ, ಸ್ಕ್ಯಾನ್ 300 ಡಿಪಿಐ (ಇಂಚಿಗೆ ಚುಕ್ಕೆ) ಇರಲಿ. ಕನ್ನಡದ ಸೊನ್ನೆಯನ್ನೂ ಅನುಸ್ವಾರವನ್ನೂ ಅದು ಅದಲುಬದಲು ಮಾಡುವುದುಂಟು, ಆದ್ದರಿಂದ ದಿನಾಂಕ ಮತ್ತು ಮೊತ್ತವನ್ನು ಕಣ್ಣಲ್ಲೇ ತಾಳೆ ನೋಡಿ. ಹತ್ತು ವರ್ಷದ ಸುತ್ತೋಲೆಗಳಿಗೆಲ್ಲ ಇದನ್ನು ಮಾಡಲು ಹೋಗಬೇಡಿ. ಈಗ ಜಾರಿಯಲ್ಲಿರುವುದಕ್ಕೆ ಮಾಡಿ. ಉಳಿದದ್ದಕ್ಕೆ ವಿಷಯ, ವರ್ಷ, ವಿಭಾಗ ಹಾಕಿದ ಒಂದು ಪಟ್ಟಿ ಸಾಕು.

ಮುಂದಿನದಕ್ಕೆ: ಹಂತ, ಶುಲ್ಕ, ದಾಖಲೆ, ಕೊನೆ ದಿನ ಇವು ವೆಬ್ ಪುಟದಲ್ಲೇ ಇರಲಿ. ಸಹಿ ಇರುವ ಆದೇಶ ಮಾತ್ರ ಪಿಡಿಎಫ್.

ಸರ್ವರ್ ನೋಡಿಕೊಳ್ಳುವವರು

ಹಳೆ ವಿಳಾಸಗಳ ಬಗ್ಗೆ. ಪ್ರತಿ ಹಳೆ ಪುಟದಿಂದ ಅದಕ್ಕೆ ಸಮನಾದ ಹೊಸ ಪುಟಕ್ಕೆ 301 (ವಿಳಾಸ ಶಾಶ್ವತವಾಗಿ ಬದಲಾಗಿದೆ ಎಂದು ತಿರುಗಿಸುವ ಸೂಚನೆ) ಕೊಡಿ, ಪಿಡಿಎಫ್‌ಗಳಿಗೂ ಸೇರಿಸಿ. ಎಲ್ಲವನ್ನೂ ಹೋಮ್ ಪೇಜಿಗೆ ತಿರುಗಿಸಿದರೆ ಗೂಗಲ್ ಅದನ್ನು ಸಿಗದ ಪುಟ ಎಂದೇ ಲೆಕ್ಕ ಹಾಕುತ್ತದೆ, ಬಂದವರೂ ಬೈಯುತ್ತಾರೆ. ನಿಜವಾಗಿ ತೆಗೆದದ್ದಕ್ಕೆ 410 (ಈ ಪುಟ ಇನ್ನಿಲ್ಲ ಎಂಬ ಸೂಚನೆ). ಗೂಗಲ್ ಹೇಳುವುದು 301ಗಳನ್ನು ಕನಿಷ್ಠ ಒಂದು ವರ್ಷ ಇಟ್ಟಿರಿ ಎಂದು. ನಿಮ್ಮಂಥ ಸಂಸ್ಥೆಗೆ ತೆಗೆಯುವ ಮಾತೇ ಬೇಡ. ಪ್ರಮಾಣಪತ್ರದ ಮೇಲೆ ಮುದ್ರಿಸಿದ ಕ್ಯೂಆರ್ ಕೋಡ್ ಯಾವ ವಿಳಾಸಕ್ಕೆ ಹೋಗುತ್ತದೆ ಎಂದು ಇವತ್ತೇ ಸ್ಕ್ಯಾನ್ ಮಾಡಿ ನೋಡಿ. ಅದು ಕಾಗದದ ಮೇಲಿದೆ, ತಿದ್ದಲು ಬರುವುದಿಲ್ಲ.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಪಟ್ಟಿಯಲ್ಲಿರುವ ಸಂಸ್ಥೆಯಿಂದ ಭದ್ರತಾ ಆಡಿಟ್ ಆಗದೆ ಸರ್ಕಾರಿ ಡೇಟಾ ಸೆಂಟರಿನಲ್ಲಿ ಸೈಟ್ ಏರಿಸಲು ಬಿಡುವುದಿಲ್ಲ. ಆಡಿಟ್ ಮುಗಿದ ಮೇಲೆ ಕೋಡ್ ಮುಟ್ಟಿದರೆ ಮತ್ತೆ ಆಡಿಟ್. ಬಳಕೆದಾರರ ಪರೀಕ್ಷೆ, ಸರ್ಚ್ ಕೆಲಸ ಎಲ್ಲ ಅದಕ್ಕೂ ಮುಂಚೆಯೇ ಮುಗಿಯಬೇಕು. ಹೊಸ ಸೈಟಿಗೆ ಬದಲಾಯಿಸುವ ಹಿಂದಿನ ದಿನ ಡಿಎನ್‌ಎಸ್ ಟಿಟಿಎಲ್ (ಸರ್ವರ್ ವಿಳಾಸವನ್ನು ಇತರ ಕಂಪ್ಯೂಟರುಗಳು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ. ಪರೀಕ್ಷಾ ಸರ್ವರಿನಲ್ಲಿ ಹಾಕಿದ್ದ “ಗೂಗಲ್ ಬರಬೇಡ” ಸೂಚನೆ ಹಾಗೇ ಉಳಿದು ಇಡೀ ಸೈಟೇ ಮಾಯವಾಗುವುದು ಸಾಮಾನ್ಯ, ತೆಗೆದಿದೆಯೇ ಎಂದು ಮೊದಲ ಗಂಟೆಯಲ್ಲೇ ನೋಡಿ. ಪ್ರವೇಶಾತಿ, ಫಲಿತಾಂಶದ ತಿಂಗಳಲ್ಲಿ ಬದಲಾಯಿಸಬೇಡಿ.

ವಿಷಯ ಸಂಪಾದಕಿ, ಬೆಂಗಳೂರು

ಟೆಂಡರ್‌ಗೆ ಸೇರಿಸಬೇಕಾದ್ದು ಹೇಳಿಬಿಡುತ್ತೇನೆ. “ಹಳೆ ವಿಷಯ ಸಾಗಿಸುವುದು” ಎಂದು ಒಂದೇ ಸಾಲು ಬರೆದರೆ ಕಸವನ್ನೂ ಹಾಗೆಯೇ ಹೊಸ ಮನೆಗೆ ತಂದು ಸುರಿಯುತ್ತಾರೆ. ದಾಸ್ತಾನು ಶೀಟಿನಲ್ಲಿ “ಇರಲಿ”, “ಸೇರಿಸು” ಅಂತ ಇರುವುದು ಮಾತ್ರ ಎಂದು ಬರೆಯಿರಿ. ಸೇರಿಸಿದ ಪುಟಗಳನ್ನು ಹೊಸದಾಗಿ ಬರೆಯುವವರು ಯಾರು, ನಿಮ್ಮವರೋ ಅವರೋ, ಅದೂ ಇರಲಿ. ಯೋಜನೆ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುವುದು ಇಲ್ಲೇ. ಕರಡು ಮೆನು, ಕ್ಲಿಕ್ ಮಾಡಬಹುದಾದ ಮಾದರಿ, ಮುಗಿದ ಸೈಟು, ಮೂರು ಹಂತದಲ್ಲೂ ಐದೈದು ನಿಜವಾದ ಬಳಕೆದಾರರ ಪರೀಕ್ಷೆ, ಕನಿಷ್ಠ ಮೂವರು ಮೊಬೈಲಿನಲ್ಲಿ. 301ರ ಪಟ್ಟಿ, ಸಮಾನಪದಗಳ ಪಟ್ಟಿ, ಸರ್ಚ್ ಲಾಗ್ ನೋಡುವ ಅಧಿಕಾರ, ಎಲ್ಲವೂ ವಿಶ್ವವಿದ್ಯಾಲಯದ ಸ್ವತ್ತು ಎಂದು ಸ್ಪಷ್ಟವಾಗಿರಲಿ. ಕೊನೆಯ ಕಂತನ್ನು ಸೈಟ್ ತೆರೆದ ದಿನ ಕೊಡಬೇಡಿ. ಮೂರು ತಿಂಗಳು ಕಳೆದು, ಏನೂ ಸಿಗದೆ ಹೋದ ಹುಡುಕಾಟಗಳ ಪಟ್ಟಿ ತಂದು ಅದಕ್ಕೆಲ್ಲ ಉತ್ತರ ಕೂರಿಸಿದ ಮೇಲೆ ಕೊಡಿ.