ಫ್ರೆಂಚ್ ಬುಲ್‌ಡಾಗ್: ಮಂಗಳೂರಿಗೆ ಬಂದ ಮೇಲೆ ಏದುಸಿರು, ನೊರೆ ಕಕ್ಕುವುದು. ಕೂಲರ್ ಹಾಕಿದರೂ ಕಡಿಮೆಯಾಗುತ್ತಿಲ್ಲ

ಗುಂಡನ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಗುಂಡ ಮೂರು ವರ್ಷದ ಗಂಡು ಫ್ರೆಂಚಿ, ತೂಕ 15.4 ಕೆ.ಜಿ. ಮೈಸೂರಿನಲ್ಲಿದ್ದಾಗ ಗೊರಕೆ ಹೊಡೆಯುತ್ತಿದ್ದ, ಅಷ್ಟೇ. ಫೆಬ್ರವರಿಯಲ್ಲಿ ನಮ್ಮವರಿಗೆ ಮಂಗಳೂರಿಗೆ ವರ್ಗವಾಯಿತು. ಏಪ್ರಿಲ್ ಶುರುವಾದಾಗಿನಿಂದ ಅವನ ಪಾಡು ನೋಡಲಾಗುತ್ತಿಲ್ಲ.

ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ನಡೆಸಿದರೂ ರಸ್ತೆಯಲ್ಲೇ ಹೊಟ್ಟೆ ಊರಿ ಮಲಗಿಬಿಡುತ್ತಾನೆ. ಊಟವಾದ ಸ್ವಲ್ಪ ಹೊತ್ತಿಗೆ ಬಿಳಿ ನೊರೆ, ಕೆಲವು ಸಲ ಅನ್ನವೂ ಹಾಗೇ ಹೊರಗೆ. ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟಿದ ಹಾಗಾಗಿ ಬೆಚ್ಚಿ ಏಳುತ್ತಾನೆ. ಈಗ ಒಂದು ವಾರದಿಂದ ಮಲಗುವುದೇ ಇಲ್ಲ, ಸೋಫಾದ ಅಂಚಿಗೆ ಗದ್ದ ಇಟ್ಟು ಕೂತಲ್ಲೇ ತೂಕಡಿಸುತ್ತಾನೆ.

ಕೋಣೆಗೆ ದೊಡ್ಡ ನೀರಿನ ಕೂಲರ್ ತಂದೆವು. ಕಿಟಕಿ ಮುಚ್ಚಿ ರಾತ್ರಿಯಿಡೀ ಓಡಿಸುತ್ತೇವೆ. ವಾಂತಿಗೆಂದು ಹತ್ತಿರದ ಕ್ಲಿನಿಕ್‌ನಲ್ಲಿ ಮಾತ್ರೆ ಕೊಟ್ಟಿದ್ದಾರೆ. ಮರಿ ಕೊಟ್ಟವರನ್ನು ಕೇಳಿದರೆ ‘ಈ ಜಾತಿಯೇ ಹಾಗೆ, ಗೊರಕೆ ಹೊಡೆಯುತ್ತವೆ’ ಎನ್ನುತ್ತಾರೆ. ಹೊಟ್ಟೆಯದ್ದೋ, ಸೆಕೆಯದ್ದೋ, ಯಾವುದನ್ನು ಮೊದಲು ನೋಡಲಿ?

ಕುಡ್ಲದವ

ಮೇಡಂ, ಮೊದಲು ಆ ಕೂಲರ್ ಬಂದ್ ಮಾಡಿ, ಈಗಲೇ. ಕೂಲರ್ ಅಂದರೆ ಎಂತ, ನೀರನ್ನು ಆವಿ ಮಾಡಿ ಗಾಳಿಗೆ ಸೇರಿಸುವುದು. ಕಲಬುರಗಿ, ರಾಯಚೂರಿನ ಒಣ ಬಿಸಿಲಿಗೆ ಅದು ಒಳ್ಳೆಯದೇ. ನಮ್ಮಲ್ಲಿ ಗಾಳಿಯಲ್ಲಿ ಮೊದಲೇ ನೀರುಂಟು, ಒಗೆದ ಬಟ್ಟೆಯೇ ಸರಿಯಾಗಿ ಒಣಗುವುದಿಲ್ಲ. ಕಿಟಕಿ ಮುಚ್ಚಿ ಕೂಲರ್ ಹಾಕಿದರೆ ಕೋಣೆ ಹಬೆಯಾಡಿದ ಹಾಗೆ ಆಗ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಸೆಕೆಯಲ್ಲಿ ಅದಕ್ಕೆ ತಂಪು ಸಿಗುವುದು ಹೆಚ್ಚಾಗಿ ನಾಲಿಗೆ, ಮೂಗಿನ ಒಳಗಿನ ತೇವ ಆರಿದಾಗ. ಗಾಳಿಯೇ ಒದ್ದೆಯಾಗಿದ್ದರೆ ಆರುವುದು ಎಲ್ಲಿಂದ?

ಎಸಿ ಇದ್ದರೆ ಅದನ್ನು ಹಾಕಿ, ಅದು ತೇವ ಎಳೆಯುತ್ತದೆ. ಎಸಿ ಇಲ್ಲದಿದ್ದರೆ ಕಿಟಕಿ ತೆರೆದು ಫ್ಯಾನ್, ಒಣಗಿದ ನೆಲ. ವಾಕಿಂಗ್ ಏಳಕ್ಕೆ ಬೇಡ, ಬೆಳಕು ಹರಿಯುವ ಮೊದಲೇ ಮುಗಿಸಿ. ನಮ್ಮ ಪಗ್ ಎರಡು ಬೇಸಿಗೆ ಹಾಗೆಯೇ ಕಳೆದದ್ದು.

ಗುಂಡನ ಮನೆ

ಈಗಲೇ ಬಂದ್ ಮಾಡಿದೆ ಸರ್. ಹಾಲ್‌ನಲ್ಲಿ ಎಸಿ ಇದೆ, ಇವತ್ತು ಅಲ್ಲೇ ಮಲಗಿಸುತ್ತೇವೆ. ಅವನಿಗೆ ಒಳ್ಳೆಯದಾಗಲೆಂದು ಮಾಡಿದ್ದೇ ಹೀಗಾಯಿತಲ್ಲ ಎಂದು ಹೊಟ್ಟೆ ಉರಿಯುತ್ತಿದೆ.

ಶಿವಮೊಗ್ಗ ಪಶುವೈದ್ಯೆ

ಮೇಲಿನವರು ಹೇಳಿದ್ದು ಸರಿಯಾಗಿದೆ. ಆದರೆ ಕೂಲರ್ ತೆಗೆದರೆ ಸಮಸ್ಯೆ ಮುಗಿಯುವುದಿಲ್ಲ. ಗುಂಡ ಕೂತು, ಗದ್ದ ಎತ್ತಿ ನಿದ್ದೆ ಮಾಡುತ್ತಾನೆ ಎಂದಿರಲ್ಲ, ನನಗೆ ಎಲ್ಲಕ್ಕಿಂತ ಗಾಬರಿ ಹುಟ್ಟಿಸಿದ್ದು ಆ ಮಾತು. ಮಲಗಿದರೆ ಗಂಟಲು ಮುಚ್ಚಿಕೊಳ್ಳುತ್ತದೆ ಎಂಬುದು ಅವನಿಗೆ ತಿಳಿದಿದೆ, ಕತ್ತು ಚಾಚಿ ದಾರಿ ತೆರೆದಿಟ್ಟುಕೊಳ್ಳುತ್ತಿದ್ದಾನೆ.

ಈ ತಳಿಯಲ್ಲಿ ಮುಖದ ಮೂಳೆ ಗಿಡ್ಡವಾಗುತ್ತ ಬಂತು, ಒಳಗಿನ ಮಾಂಸ ಅದಕ್ಕೆ ತಕ್ಕಂತೆ ಗಿಡ್ಡವಾಗಲಿಲ್ಲ. ಮೂಗಿನ ಹೊಳ್ಳೆ ಸೀಳಿನಂತೆ ಕಿರಿದು, ಅಂಗುಳದ ಹಿಂದಿನ ಮೆದು ಭಾಗ ಉದ್ದ ಮತ್ತು ದಪ್ಪ, ಅದು ಉಸಿರಿನ ದಾರಿಗೆ ಅಡ್ಡ ಜೋಲುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿಯನ್ನು ಜಗ್ಗಿ ಜಗ್ಗಿ ಎಳೆದಾಗ ಎದೆಯೊಳಗಿನ ಒತ್ತಡ ಇಳಿದು ಹೊಟ್ಟೆಯಲ್ಲಿದ್ದದ್ದು ಅನ್ನನಾಳಕ್ಕೆ ಮೇಲೆ ಬರುತ್ತದೆ. ಹಾಗಾಗಿ ನೊರೆಯೂ ಏದುಸಿರೂ ಎರಡು ಬೇರೆ ಕಾಯಿಲೆಯಾಗಿರಲಿಕ್ಕಿಲ್ಲ. ಒಂದು ಗಮನಿಸಿ: ಹೊಟ್ಟೆ ಕಿವುಚಿ, ಓಕರಿಸಿ ಕಕ್ಕುತ್ತಾನೋ, ಇಲ್ಲ ತಲೆ ಬಗ್ಗಿಸಿದ ಕೂಡಲೇ ಸಲೀಸಾಗಿ ಬಂದುಬಿಡುತ್ತದೋ? ಎರಡನೆಯದಾದರೆ ಅದು ವಾಂತಿಯಲ್ಲ, ಬರೀ ವಾಂತಿ ಮಾತ್ರೆಯಿಂದ ನಿಲ್ಲುವಂಥದ್ದಲ್ಲ.

ಮೂಗನ್ನು ಎದುರಿನಿಂದ ಫೋಟೋ ತೆಗೆಯಿರಿ. ಎಸಿಯಲ್ಲಿ ನಿದ್ದೆ ಮಾಡುವಾಗ ಒಂದು ನಿಮಿಷಕ್ಕೆ ಎಷ್ಟು ಉಸಿರು ಎಣಿಸಿ, ಎದೆ ಏರಿ ಇಳಿದರೆ ಒಂದು. ತಂಪಾಗಿ ಮಲಗಿದ ನಾಯಿಗೆ ಸಾಮಾನ್ಯವಾಗಿ 30ರ ಒಳಗಿರಬೇಕು. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ರೂಪಿಸಿದ ಒಂದು ಪರೀಕ್ಷೆ ಇದೆ. ನಾಯಿಯನ್ನು ಮೂರು ನಿಮಿಷ ಚುರುಕಾಗಿ ಓಡುನಡಿಗೆಯಲ್ಲಿ ನಡೆಸಿ, ಮೊದಲೂ ಆಮೇಲೂ ಗಂಟಲಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿ 0ಯಿಂದ 3ರವರೆಗೆ ದರ್ಜೆ ಕೊಡುತ್ತಾರೆ; 0 ಅಂದರೆ ತೊಂದರೆಯಿಲ್ಲ, 3 ಅಂದರೆ ತೀವ್ರ. ಅದನ್ನು ನೀವು ಮನೆಯಲ್ಲಿ ಮಾಡಿ ನೋಡಬೇಡಿ, ಗುಂಡನಿಗೆ ಈಗಲೇ ಕಷ್ಟವಿದೆ.

ಇನ್ನು ತೂಕ. ಅಮೆರಿಕದ ಕೆನಲ್ ಕ್ಲಬ್ ಈ ತಳಿಗೆ ಹೇಳುವ ಮಿತಿ 28 ಪೌಂಡ್, ಅಂದರೆ ಸುಮಾರು 12.7 ಕೆ.ಜಿ. ಗುಂಡನ ಮೈಕಟ್ಟು ಸ್ವಲ್ಪ ದೊಡ್ಡದೇ ಇರಬಹುದು, ಆದರೂ 15.4 ಜಾಸ್ತಿಯೇ. ಕೊಬ್ಬು ಗಂಟಲ ಸುತ್ತಲೂ ಸೇರುತ್ತದೆ.

ಗುಂಡನ ಮನೆ

ಡಾಕ್ಟ್ರೇ, ಎಸಿಯಲ್ಲಿ ಎರಡು ರಾತ್ರಿ ಎಣಿಸಿದೆ: 38, 36. ತಲೆ ಬಗ್ಗಿಸಿದರೆ ಸಾಕು, ಸಲೀಸಾಗಿ ಬರುತ್ತದೆ. ಹೊಳ್ಳೆ ನೋಡಿದರೆ ಎರಡು ಗೆರೆ ಎಳೆದ ಹಾಗಿದೆ, ಇಷ್ಟು ದಿನ ಅದೇ ಅವನ ಮುಖದ ಚಂದ ಅಂದುಕೊಂಡಿದ್ದೆ. ಅತ್ತೆಯವರು ಕಾಫಿ ಜೊತೆ ದಿನಕ್ಕೆ ಐದಾರು ಬಿಸ್ಕತ್ತು ಹಾಕುತ್ತಾರೆ, ಅದು ಇವತ್ತಿಂದ ನಿಂತಿತು. ಕುತ್ತಿಗೆ ಬೆಲ್ಟ್ ಇದೆ, ಪರವಾಗಿಲ್ಲವಾ?

ಶಿವಮೊಗ್ಗ ಪಶುವೈದ್ಯೆ

ಬೆಲ್ಟ್ ಬಿಚ್ಚಿಡಿ, ಎದೆಗೆ ಕಟ್ಟುವ ಹಾರ್ನೆಸ್ ತನ್ನಿ. ಊಟವನ್ನು ದಿನಕ್ಕೆ ನಾಲ್ಕು ಸಣ್ಣ ಪಾಲು ಮಾಡಿ, ತಿಂದ ಮೇಲೆ ಆಟ ಬೇಡ. ಮುಖದ ಮಡಿಕೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ, ಕರಾವಳಿಯಲ್ಲಿ ಅಲ್ಲಿ ಬೇಗ ಸೋಂಕು ಕಟ್ಟುತ್ತದೆ.

ಹೊಳ್ಳೆ ಮತ್ತು ಅಂಗುಳಕ್ಕೆ ಶಸ್ತ್ರಚಿಕಿತ್ಸೆ ಬೇಕೇ ಎಂದು ಕೈಯಾರೆ ನೋಡಿದವರೇ ಹೇಳಬೇಕು. ಈ ವಾರವೇ ತೋರಿಸಿ. ತಡಮಾಡಿದಷ್ಟೂ ಆ ಎಳೆತಕ್ಕೆ ಗಂಟಲಗೂಡಿನ ಮೃದ್ವಸ್ಥಿ ಸೋತು ಒಳಕ್ಕೆ ಕುಸಿಯುತ್ತದೆ, ಆಮೇಲೆ ಸರಿಮಾಡುವುದು ಬಹಳ ಕಷ್ಟ.

ಅಲ್ಲಿಯವರೆಗೆ ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಅವನಿಗೆಂದೇ ಇರಲಿ. ಗುದದಲ್ಲಿ ನೋಡಿದಾಗ 101ರಿಂದ 102.5 ಫ್ಯಾರನ್‌ಹೀಟ್ ಸಹಜ. ಏದುಸಿರಿನ ಜೊತೆ 104 ದಾಟಿದರೆ, ವಸಡು ನೀಲಿಗಟ್ಟಿದರೆ, ಅಂಟು ಜೊಲ್ಲು ಸುರಿದು ತೂರಾಡಿದರೆ ಕಾರು ಹುಡುಕುವ ಮೊದಲೇ ನಲ್ಲಿ ನೀರು ಮೈಗೆ ಸುರಿಯಿರಿ, ಫ್ಯಾನ್ ಹಚ್ಚಿ. ಒದ್ದೆ ಟವೆಲ್ ಹೊದಿಸಿಡಬೇಡಿ, ಶಾಖ ಒಳಗೇ ಉಳಿಯುತ್ತದೆ. ಬಾಯಿಗೆ ಬಲವಂತವಾಗಿ ನೀರು ಹಾಕಬೇಡಿ. 103ಕ್ಕೆ ಇಳಿದಾಗ ನೀರು ನಿಲ್ಲಿಸಿ ಹೊರಡಿ. ದಾರಿಯಲ್ಲಿ ಎಸಿ ಇರಲಿ.

ಸಂಜಯನಗರ

ಮೇಡಂ, ನಮ್ಮ ಹೆಣ್ಣು ಫ್ರೆಂಚಿಗೆ ಎರಡೂ ಆಪರೇಷನ್ ಒಟ್ಟಿಗೆ ಮಾಡಿಸಿದ್ದೇವೆ. ನೀವು ಕೇಳಲೇಬೇಕಾದ ಪ್ರಶ್ನೆ: ಅರಿವಳಿಕೆ ಇಳಿಯುವಾಗ ಪಕ್ಕದಲ್ಲಿ ಯಾರಿರುತ್ತಾರೆ, ರಾತ್ರಿ ಯಾರು ನೋಡಿಕೊಳ್ಳುತ್ತಾರೆ? ಇವುಗಳಿಗೆ ಅಪಾಯ ಹೆಚ್ಚಿರುವುದು ಆಪರೇಷನ್ ವೇಳೆ ಉಸಿರಾಟಕ್ಕೆಂದು ಗಂಟಲಿಗೆ ಹಾಕಿದ ನಳಿಕೆಯನ್ನು ತೆಗೆದ ಮೇಲಿನ ಗಂಟೆಗಳಲ್ಲಿ. ಗಂಟಲು ಊದಿಕೊಂಡರೆ ತಕ್ಷಣ ಮತ್ತೆ ನಳಿಕೆ ಹಾಕುವವರು ಬೇಕು. ನಾವು ಸ್ಪಷ್ಟ ಉತ್ತರ ಸಿಕ್ಕ ಜಾಗವನ್ನೇ ಆರಿಸಿದೆವು. ಬೆಂಗಳೂರಿಗೆ ಬರುವುದಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ವಿಚಾರಿಸಿ. ಶಿರಾಡಿ ಘಾಟಿಯನ್ನು ಹಗಲು ಹತ್ತಬೇಡಿ, ಲಾರಿ ಸಾಲಿನಲ್ಲಿ ಸಿಕ್ಕಿಕೊಂಡರೆ ಗಂಟೆಗಟ್ಟಲೆ ಹೋಗುತ್ತದೆ.

ಗುಂಡನ ಮನೆ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ತೂಕ 14.7ಕ್ಕೆ ಬಂದಿದೆ. ಎಸಿ, ಹಾರ್ನೆಸ್, ಸಣ್ಣ ಊಟದಿಂದ ನೊರೆ ದಿನಕ್ಕೆ ಎರಡು ಸಲದಿಂದ ವಾರಕ್ಕೆ ಎರಡು ಸಲಕ್ಕೆ ಇಳಿದಿದೆ. ತಜ್ಞರು ನಡೆಸಿ ಪರೀಕ್ಷಿಸಿ ದರ್ಜೆ 2 ಎಂದರು, ಹೊಳ್ಳೆ ಅಗಲಿಸಿ ಅಂಗುಳ ಮೊಟಕುಗೊಳಿಸಬೇಕಂತೆ. ನಳಿಕೆ ತೆಗೆದ ಮೇಲೆ ರಾತ್ರಿ ಯಾರಿರುತ್ತಾರೆಂದು ಕೇಳಿದೆ. ತಾವೇ ಇರುತ್ತೇವೆಂದು ಹೇಳಿ ಆಮ್ಲಜನಕದ ಗೂಡನ್ನೂ ತೋರಿಸಿದರು. ಮುಂದಿನ ಗುರುವಾರಕ್ಕೆ ದಿನ ಗೊತ್ತಾಗಿದೆ.

ನಿನ್ನೆ ರಾತ್ರಿ ಒಂದು ಪಕ್ಕಕ್ಕೆ ಹೊರಳಿ ಎರಡು ಗಂಟೆ ಮಲಗಿದ್ದ. ಪಕ್ಕದಲ್ಲೇ ಕೂತು ಎಣಿಸಿದೆ, 29.

ಸಂಜಯನಗರ

ಗುರುವಾರ ಸಂಜೆ ಒಂದು ಸಾಲು ಹಾಕಿ ಮೇಡಂ, ಕಾಯುತ್ತಿರುತ್ತೇವೆ. ಮನೆಗೆ ಬಂದ ಮೇಲೆ ಮೆತ್ತಗಿನ ಊಟ, ಸಣ್ಣ ಉಂಡೆ ಮಾಡಿ ಕೈಯಲ್ಲೇ ತಿನ್ನಿಸಿ. ಎಷ್ಟು ದಿನ ಎಂದು ಡಾಕ್ಟ್ರನ್ನು ಕೇಳಿಕೊಂಡು ಬನ್ನಿ.