ಅಕ್ಕನ ಸ್ತನದ ಬಯಾಪ್ಸಿಯಲ್ಲಿ ‘ಪ್ಲಿಯೋಮಾರ್ಫಿಕ್ ಎಲ್‌ಸಿಐಎಸ್’ ಅಂತ ಬಂದಿದೆ, ಯಾರಿಗಾದ್ರೂ ಗೊತ್ತಾ?

ಅಕ್ಕನಿಗೆ 52. ಕೈಗೆ ಗಂಟು ಸಿಗಲ್ಲ. ಮ್ಯಾಮೊಗ್ರಾಮ್‌ನಲ್ಲಿ ಸುಣ್ಣದ ಚುಕ್ಕಿ ಕಂಡಿದ್ದಕ್ಕೆ ಸೂಜಿಯಿಂದ ಚೂರು ತೆಗೆಯೋ ಕೋರ್ ಬಯಾಪ್ಸಿ ಆಯ್ತು. ಮೊದಲು ಬಾಯಿಮಾತಲ್ಲಿ ಡಿಸಿಐಎಸ್, ಅಂದ್ರೆ ಹಾಲಿನ ನಾಳದೊಳಗೇ ಇರೋ ಶುರುವಿನ ಕ್ಯಾನ್ಸರ್ ಅಂದ್ರು. ವರದಿಯಲ್ಲಿ ಇದು, ಹಾಲಿನ ಗ್ರಂಥಿಯೊಳಗೆ ಅಸಹಜ ಕೋಶಗಳಂತೆ. ಒಬ್ಬ ಡಾಕ್ಟರ್ ‘ಕ್ಯಾನ್ಸರ್ ಅಲ್ಲ, ಆರು ತಿಂಗಳು ನೋಡೋಣ’ ಅಂತಾರೆ, ಇನ್ನೊಬ್ಬರು ತೆಗೆಸಿ ಅಂತಾರೆ. ನಿಮ್ಮ ಅನುಭವ ಹೇಳಿ.

*

ನಂದೂ ಹೀಗೇ ಶುರುವಾಗಿದ್ದು. ವರದಿಯಲ್ಲಿ ‘ಇ-ಕ್ಯಾಡ್ಹೆರಿನ್’ ಅನ್ನೋ ಸಾಲಿದೆಯಾ ನೋಡಿ. ಜೀವಕೋಶಗಳನ್ನ ಒಂದಕ್ಕೊಂದು ಅಂಟಿಸಿಡೋ ಪ್ರೋಟೀನ್ ಅದು. ಡಿಸಿಐಎಸ್‌ನಲ್ಲಿ ಉಳಿದಿರುತ್ತೆ, ಲೋಬ್ಯುಲರ್‌ನಲ್ಲಿ (ಎಲ್ಸಿಐಎಸ್ ಆ ಜಾತಿಯದ್ದೇ) ಸಾಮಾನ್ಯವಾಗಿ ಕಳೆದುಹೋಗಿರುತ್ತೆ. ನನ್ನ ಮೊದಲ ಲ್ಯಾಬಿನವರು ಆ ಪರೀಕ್ಷೆ ಮಾಡಿರಲೇ ಇಲ್ಲ. ಸ್ಲೈಡು, ಬಯಾಪ್ಸಿ ಚೂರು ಹುದುಗಿಸಿಟ್ಟ ಮೇಣದ ಬ್ಲಾಕು ಎರಡನ್ನೂ ಇಸ್ಕೊಂಡು ಬೇರೆ ಪೆಥಾಲಜಿಸ್ಟ್ ಹತ್ರ ಹೋದೆ. ಆಕೆ ಪಾಪ, ಆ ಪರೀಕ್ಷೆಯ ಬಣ್ಣ ಹಾಕಿಸಿ ಸೂಕ್ಷ್ಮದರ್ಶಕದಲ್ಲಿ ನನಗೇ ತೋರಿಸಿದ್ರು: ಪಕ್ಕದ ಮಾಮೂಲಿ ನಾಳದಲ್ಲಿ ಪ್ರತಿ ಕೋಶದ ಅಂಚಿಗೂ ಕಂದು ಗೆರೆ, ಜೇನುಗೂಡಿನ ಥರ. ತೊಂದರೆ ಇದ್ದ ಜಾಗ ಮಾತ್ರ ತೊಳೆದಿಟ್ಟ ಹಾಗೆ ಬಿಳಚು. ವಾರಗಟ್ಟಲೆ ಓದಿ ಅರ್ಥವಾಗದ್ದು ಅವತ್ತು ಒಂದು ನೋಟಕ್ಕೆ ಅರ್ಥವಾಯ್ತು.

*

ನಾನು ಪೆಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡ್ತೀನಿ. ಡಾಕ್ಟರುಗಳ ಮಾತು ಬೇರೆಯಾಗೋದಕ್ಕೆ ಕಾರಣ ಆ ಹೆಸರೇ. ಮಾಮೂಲಿ, ಅಂದ್ರೆ ಕ್ಲಾಸಿಕ್ ಎಲ್‌ಸಿಐಎಸ್ ಹೆಚ್ಚಾಗಿ ಇನ್ನೇನಕ್ಕೋ ಮಾಡಿದ ಬಯಾಪ್ಸಿಯಲ್ಲಿ ಆಕಸ್ಮಿಕವಾಗಿ ಸಿಗುತ್ತೆ. ಅದು ಮುಂದಿನ ಅಪಾಯದ ಸೂಚನೆ, ಎಷ್ಟೋ ಸಲ ಬರೀ ನಿಗಾ ಸಾಕು. 2018ರಿಂದ ಎಜೆಸಿಸಿ ಅನ್ನೋ ಅಮೆರಿಕದ ಸಂಸ್ಥೆಯ ಕ್ಯಾನ್ಸರ್ ಹಂತಪಟ್ಟಿಯಲ್ಲೂ ಎಲ್‌ಸಿಐಎಸ್ ಇಲ್ಲ, ‘ಕ್ಯಾನ್ಸರ್ ಅಲ್ಲ’ ಅನ್ನೋದು ಆ ಅರ್ಥದಲ್ಲಿ. ಪ್ಲಿಯೋಮಾರ್ಫಿಕ್ ಅಪರೂಪದ್ದು, ಸ್ವಭಾವ ಬೇರೆ: ದೊಡ್ಡ, ಅಂಕೆಯಿಲ್ಲದ ನ್ಯೂಕ್ಲಿಯಸ್, ಎಷ್ಟೋ ಸಲ ನಡುವೆ ಸತ್ತ ಕೋಶ, ಅಲ್ಲೇ ಸುಣ್ಣ. ಹಾಗಾಗಿ ಹೈ ಗ್ರೇಡ್, ಅಂದ್ರೆ ಜೋರು ಸ್ವಭಾವದ ಡಿಸಿಐಎಸ್ ಅಂತ ಮೋಸ ಹೋಗೋದು ಸುಲಭ. ಸೂಜಿಗೆ ಬರೋದು ನಾಲ್ಕಾರು ಎಳೆ ಅಷ್ಟೆ. ಪೂರ್ತಿ ತೆಗೆದಾಗ ಪಕ್ಕದಲ್ಲೇ ಹರಡೋ ಕ್ಯಾನ್ಸರ್ ಸಿಕ್ಕಿದ್ದೂ ಉಂಟು. ಅದಕ್ಕೇ ಇದನ್ನ ಸಾಮಾನ್ಯವಾಗಿ ತೆಗೆಸಿ ಅನ್ನೋದು.

*

ನನಗೆ ತೆಗೆಸಿದಾಗ ಬೇರೇನೂ ಸಿಗಲಿಲ್ಲ, ಹಾಗೂ ಆಗುತ್ತೆ. ಆದ್ರೆ ಕತ್ತರಿಸಿ ತೆಗೆದ ತುಂಡಿನ ಅಂಚಿನ ವಿಷಯ ಮೊದಲೇ ಕೇಳಿಟ್ಕೊಳ್ಳಿ. ಅಂಚಲ್ಲಿ ಇದು ಉಳಿದ್ರೆ ಮತ್ತೆ ಕತ್ತರಿಸ್ತೀರಾ ಅಂತ. ಅದರಲ್ಲಿ ಸರ್ಜನ್‌ಗಳೆಲ್ಲ ಒಂದೇ ಮಾತು ಹೇಳಲ್ಲ. ನಾನು ಕೇಳದೆ ಹೋಗಿ ಎರಡನೇ ಸಲ ಟೇಬಲ್ ಹತ್ತುವಾಗ ಸಿಟ್ಟು ನೆತ್ತಿಗೇರಿತ್ತು.

*

ಈಗಷ್ಟೇ ವರದಿ ತೆಗೆದು ನೋಡಿದೆ. ಇ-ಕ್ಯಾಡ್ಹೆರಿನ್ ಸಾಲೇ ಇಲ್ಲ! ನಾಳೆ ಬೆಳಗ್ಗೆ ಬ್ಲಾಕ್ ಕೇಳೋಕೆ ಹೋಗ್ತಿದೀನಿ.